ಕೆಲಸ ಹೋದವರ ಭತ್ಯೆ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಇಎಸ್‌ಐ ವಂತಿಗೆಯ ಪೋರ್ಟಲ್‌ಗೆ ಕಾರ್ಖಾನೆಯ ಗುಮಾಸ್ತರು ಪ್ರತಿ ತಿಂಗಳು ಒಂದು ಪಟ್ಟಿ ಏರಿಸುತ್ತಾರೆ. ಯಾರದಾದರೂ ಹೆಸರಿನ ಮುಂದೆ ಕೆಲಸದ ದಿನ ಸೊನ್ನೆ ಎಂದಿದ್ದರೆ ಕಾರಣ ನಮೂದಿಸಬೇಕು. ಕಾರಣಕ್ಕೆ ಒಂದೊಂದು ಸಂಖ್ಯೆ. 1 ಎಂದರೆ ರಜೆ, 2 ಎಂದರೆ ಕೆಲಸ ಬಿಟ್ಟಿದ್ದಾರೆ, 3 ನಿವೃತ್ತಿ, 10 ಎಂದರೆ ಕಂಪನಿಯೇ ಕೆಲಸದಿಂದ ತೆಗೆದಿದೆ. ಹದಿನೈದನೇ ತಾರೀಕಿನ ಗಡುವು ಹತ್ತಿರವಾದಾಗ, ನೂರಾರು ಹೆಸರಿನ ಪಟ್ಟಿಯಲ್ಲಿ ಯಾರು ತಾವಾಗಿ ಬಿಟ್ಟರು, ಯಾರನ್ನು ಬಿಡಿಸಲಾಯಿತು ಎಂದು ವಿಚಾರಿಸುವ ವ್ಯವಧಾನ ಎಷ್ಟು ಜನರಿಗಿದ್ದೀತು? 2 ಎಂದು ಹಾಕಿದರೆ ಪಟ್ಟಿ ಮುಗಿಯುತ್ತದೆ. ತನ್ನ ಹೆಸರಿನ ಮುಂದೆ ಎರಡು ಬಿದ್ದಿದೆ ಎಂದು ಹೊಲಿಗೆ ಕಾರ್ಮಿಕೆಗೆ ಗೊತ್ತಾಗುವುದು ಎಷ್ಟೋ ದಿನಗಳ ನಂತರ, ಶಾಖಾ ಕಚೇರಿಯ ಕಿಟಕಿಯ ಮುಂದೆ ನಿಂತು 'ನನ್ನನ್ನು ತೆಗೆದರು' ಎಂದು ಹೇಳಿದಾಗ.

ನಿರುದ್ಯೋಗ ಭತ್ಯೆಯ ತಕರಾರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲದರಲ್ಲೂ ಈ ಗಂಟು ಇದೆ. ಕೆಲಸ ಹೋಗಿದೆ ಎಂಬುದಕ್ಕೆ ಪುರಾವೆ ಬೇರೆ ಯಾರದೋ ಕೈಯಲ್ಲಿರುತ್ತದೆ. ಕಾರ್ಖಾನೆಯಲ್ಲಾದರೆ ಮಾಲೀಕರ ಬಳಿ, ಹಳ್ಳಿಯಲ್ಲಾದರೆ ಪಂಚಾಯಿತಿಯ ಬಳಿ, ಪದವೀಧರರಿಗಾದರೆ ವಿಶ್ವವಿದ್ಯಾಲಯದ ಬಳಿ. ಅವರು ಸುಮ್ಮನಿದ್ದರೆ ಅವರಿಗೆ ಏನೂ ಆಗುವುದಿಲ್ಲ. ಸುಮ್ಮನಿದ್ದ ಪ್ರತಿ ದಿನದ ಖರ್ಚು ಅರ್ಜಿದಾರರ ಮನೆಯ ರೇಷನ್ನಿನಿಂದ, ಬಾಡಿಗೆಯಿಂದ ಹೋಗುತ್ತದೆ.

ನಮ್ಮಲ್ಲಿ ನಿರುದ್ಯೋಗ ಭತ್ಯೆಯೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಇದೆ, ಹರಿದು ಹಂಚಿದ ಹಾಗೆ. ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ 1948ರದು. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಅದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ಕಾರ್ಮಿಕರ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಕಾಯ್ದೆಯ 46ನೇ ಕಲಮು ಹೇಳುತ್ತಿದ್ದ ಸೌಲಭ್ಯಗಳು ಆರು: ಕಾಯಿಲೆ, ಹೆರಿಗೆ, ಅಂಗವೈಕಲ್ಯ, ಅವಲಂಬಿತರ ನೆರವು, ವೈದ್ಯಕೀಯ, ಅಂತ್ಯಕ್ರಿಯೆಯ ವೆಚ್ಚ. ನಿರುದ್ಯೋಗ ಅದರಲ್ಲಿ ಇರಲಿಲ್ಲ. ಅದನ್ನು ಇಎಸ್‌ಐ ನಿಗಮ ಯೋಜನೆಗಳ ರೂಪದಲ್ಲಿ ಹೊರಗಿನಿಂದ ಸೇರಿಸಿತು. 2005ರ ಏಪ್ರಿಲ್‌ನಲ್ಲಿ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕಾರ್ಖಾನೆ ಮುಚ್ಚಿದಾಗ, ಕಾನೂನುಬದ್ಧವಾಗಿ ಕೆಲಸದಿಂದ ತೆಗೆದಾಗ, ಇಲ್ಲವೇ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ 40 ಅಥವಾ ಹೆಚ್ಚಿನ ಶಾಶ್ವತ ವೈಕಲ್ಯ ಬಂದಾಗ ಮಾತ್ರ ಅನ್ವಯ. 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಸ್ವಲ್ಪ ವಿಶಾಲ. ಆದರೆ ಮೊತ್ತ ಚಿಕ್ಕದು, ಜೀವಮಾನದಲ್ಲಿ ಒಟ್ಟು 90 ದಿನ, ಸರಾಸರಿ ದಿನದ ಸಂಬಳದ ಶೇ 25.

ಕೋವಿಡ್ ಬಂದ ಮೇಲೆ, 2020ರ ಆಗಸ್ಟ್‌ನಲ್ಲಿ, ಅದನ್ನು ಶೇ 50ಕ್ಕೆ ಏರಿಸಿದರು. ಕೆಲಸ ಹೋಗಿ 90 ದಿನ ಕಾಯಬೇಕಿದ್ದದ್ದು 30ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆಯೊಂದು ಹೆಚ್ಚು ಸುದ್ದಿಯಾಗಲಿಲ್ಲ: ಅಲ್ಲಿಯವರೆಗೆ ಅರ್ಜಿ ಕೊನೆಯ ಮಾಲೀಕರ ಮೂಲಕ ಬರಬೇಕಿತ್ತು, ಈಗ ಕಾರ್ಮಿಕರೇ ನೇರವಾಗಿ ಶಾಖಾ ಕಚೇರಿಗೆ ಕೊಡಬಹುದು. ಕೆಲಸದಿಂದ ತೆಗೆದವರ ಬಳಿಗೇ ಹೋಗಿ 'ನನ್ನನ್ನು ತೆಗೆದಿದ್ದೀರಿ ಎಂದು ಬರೆದು ಕಳಿಸಿ' ಎಂದು ಕೇಳಬೇಕಾದ ಸ್ಥಿತಿ ಎಂಥದು ಎಂದು ಪೀಣ್ಯದ ಯಾವ ಕಾರ್ಮಿಕರನ್ನು ಕೇಳಿದರೂ ಹೇಳುತ್ತಾರೆ. ಅದೇ ವರ್ಷ ನವೆಂಬರ್‌ನಲ್ಲಿ ಛಾಪಾ ಕಾಗದದ ಪ್ರಮಾಣಪತ್ರದ ಷರತ್ತನ್ನೂ ಕೈಬಿಟ್ಟರು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 12,000 ರೂಪಾಯಿ ದುಡಿಯುವ ಹೊಲಿಗೆ ಕಾರ್ಮಿಕೆಯ ಸಂಬಳದಲ್ಲಿ ತಿಂಗಳಿಗೆ 90 ರೂಪಾಯಿ ಇಎಸ್‌ಐಗೆ ಮುರಿಯುತ್ತದೆ. ದಿನದ ಸಂಬಳ ಸುಮಾರು 400, ಅದರ ಅರ್ಧ 200, ತೊಂಬತ್ತು ದಿನಕ್ಕೆ 18,000. ಮೂರು ತಿಂಗಳ ಮನೆ ಬಾಡಿಗೆ, ಮಗುವಿನ ಶಾಲೆಯ ಒಂದು ಕಂತು. ಆಕೆಗೆ ಇದು ಸಣ್ಣ ದುಡ್ಡಲ್ಲ. ಅದನ್ನು ಪಡೆಯಲು ಹಿಂದಿನ ಎರಡು ವರ್ಷ ವಿಮೆಯಲ್ಲಿರಬೇಕು, ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಉಳಿದ ಮೂರು ಅವಧಿಗಳ ಪೈಕಿ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಬಿದ್ದಿರಬೇಕು. ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋಗಿರಬಾರದು, ಸ್ವಯಂ ನಿವೃತ್ತಿ ಆಗಿರಬಾರದು.

ತಕರಾರು ಬೆಳೆಯುವುದು ಈ ಕೊನೆಯ ಷರತ್ತಿನಲ್ಲಿ. ಬೆಂಗಳೂರಿನ ಗಾರ್ಮೆಂಟ್ ವಲಯದಲ್ಲಿ ಕೆಲಸದಿಂದ ತೆಗೆಯುವ ರೂಢಿಯ ದಾರಿ ರಾಜೀನಾಮೆ ಬರೆಸಿಕೊಳ್ಳುವುದು. 'ರಿಸೈನ್ ಲೆಟರ್ ಬರ್ದುಕೊಡಮ್ಮ, ಇವತ್ತೇ ಸೆಟಲ್‌ಮೆಂಟ್ ಮಾಡ್ತೀವಿ, ಇಲ್ಲಾಂದ್ರೆ ಪಿಎಫ್‌ಗೂ ಅಲೀಬೇಕಾಗುತ್ತೆ' ಎಂದು ಎಚ್‌ಆರ್ ಕೋಣೆಯಲ್ಲಿ ಹೇಳಿದಾಗ ಬಾಡಿಗೆ ಕಟ್ಟಬೇಕಾದ ಹೆಂಗಸು ಸಹಿ ಹಾಕುತ್ತಾಳೆ. ಸದ್ದಿಲ್ಲದೆ ಮುಚ್ಚಿದ ಘಟಕಗಳ ಬಗ್ಗೆ, ಬಲವಂತದ ರಾಜೀನಾಮೆಗಳ ಬಗ್ಗೆ ಕೋವಿಡ್ ಕಾಲದಲ್ಲಿ ಕಾರ್ಮಿಕ ಸಂಘಟನೆಗಳು ದಾಖಲೆ ಮಾಡಿವೆ. ಕಾಗದದ ಮೇಲೆ ಅದು ಸ್ವಂತ ಇಚ್ಛೆ. ಭತ್ಯೆಯ ಅರ್ಹತೆ ಆ ಒಂದು ಸಹಿಯಲ್ಲಿ ಹೋಗುತ್ತದೆ, ಜೊತೆಗೆ ಕೈಗಾರಿಕಾ ವಿವಾದ ಕಾನೂನಿನಲ್ಲಿ ಬರಬೇಕಿದ್ದ ಪರಿಹಾರವೂ: ಒಂದು ತಿಂಗಳ ನೋಟಿಸ್, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನೂರು ಅಥವಾ ಹೆಚ್ಚು ಜನರಿರುವ ಕಾರ್ಖಾನೆ ಸರ್ಕಾರದ ಅನುಮತಿ ಪಡೆದೇ ಜನರನ್ನು ತೆಗೆಯಬೇಕಿತ್ತು. ರಾಜೀನಾಮೆಗೆ ಅನುಮತಿ ಬೇಡ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ನೂರು ಮುನ್ನೂರಕ್ಕೆ ಏರಿದೆ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಬಹುಪಾಲು ಹೆಂಗಸರು, ಬಾಗಿಲಲ್ಲೇ ಧರಣಿ ಕೂತದ್ದು ಓದುಗರಿಗೆ ನೆನಪಿರಬಹುದು. ಆಡಳಿತ ಅದನ್ನು ಲೇ-ಆಫ್ ಎಂದಿತು. ಮುಚ್ಚುತ್ತಿದ್ದಾರೆ, ಅದಕ್ಕೇ ಯಂತ್ರ ಸಾಗಿಸುತ್ತಿದ್ದಾರೆ ಎಂದು ಕಾರ್ಮಿಕರು ಹೇಳಿದರು. ಇದು ಬರೀ ಮಾತಿನ ಜಗಳ ಅಲ್ಲವೇ ಅಲ್ಲ. ಲೇ-ಆಫ್ ಆದರೆ ಅರ್ಧ ಸಂಬಳ ಮತ್ತು ಕೆಲಸ ಇದೆ ಎಂಬ ದಾಖಲೆ, ಮುಚ್ಚಿದರೆ ಪರಿಹಾರ ಮತ್ತು ಭತ್ಯೆಯ ಹಕ್ಕು. ಎರಡರ ನಡುವೆ ತೂಗಾಡುವವರಿಗೆ ಎರಡೂ ಕೈಗೆ ಬರುವುದಿಲ್ಲ. ಅವರು ಒಟ್ಟಾಗಿ ಕೂತಿದ್ದರಿಂದ ರಾಜ್ಯಕ್ಕೆಲ್ಲ ಕೇಳಿಸಿತು. ಒಬ್ಬೊಬ್ಬರಾಗಿ ಮನೆಗೆ ಹೋದವರ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಸಾಫ್ಟ್‌ವೇರ್‌ನವರ ಸಂಗತಿ ಬೇಗ ಹೇಳಿ ಮುಗಿಸಬಹುದು, ಏಕೆಂದರೆ 21,000 ದಾಟಿದವರಿಗೆ ಭತ್ಯೆ ಎಂಬುದೇ ಇಲ್ಲ. ಅವರಿಗೆ ಉಳಿಯುವುದು ತಮ್ಮದೇ ಪಿಎಫ್ ದುಡ್ಡು. ಅಲ್ಲಿಯೂ ಬಹುಕಾಲ ಬೀಗದ ಕೈ ಮಾಲೀಕರ ಬಳಿ ಇತ್ತು: ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ದಾಖಲಿಸದಿದ್ದರೆ ಹಣ ತೆಗೆಯಲು ಬರುತ್ತಿರಲಿಲ್ಲ. 2020ರ ಜನವರಿಯಲ್ಲಿ ಆ ದಿನಾಂಕವನ್ನು, ಎರಡು ತಿಂಗಳು ಕಳೆದ ಮೇಲೆ, ನೌಕರರೇ ನಮೂದಿಸುವ ವ್ಯವಸ್ಥೆ ಬಂತು. ಇದನ್ನು ಸಣ್ಣ ಸುಧಾರಣೆ ಎನ್ನಬಾರದು. ಮಾಲೀಕರ ಮೌನವನ್ನು ದಾಟುವ ಒಂದು ಬಾಗಿಲು ಪಿಎಫ್‌ನಲ್ಲಿ ಸಾಧ್ಯವಾದದ್ದು ಇಎಸ್‌ಐನಲ್ಲಿ ಏಕೆ ಸಾಧ್ಯವಾಗಬಾರದು?

ಹಳ್ಳಿಯ ಕಡೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಏಳನೇ ಕಲಮು ಸರಳವಾಗಿತ್ತು. ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ, ಅಂದರೆ ಕಾಲು ಭಾಗ 92 ರೂಪಾಯಿ 50 ಪೈಸೆ. ಹಕ್ಕು ಎಂಬ ಪದಕ್ಕೆ ಇಷ್ಟು ಹತ್ತಿರ ಬಂದ ನಿರುದ್ಯೋಗ ಭತ್ಯೆ ಈ ದೇಶದಲ್ಲಿ ಇನ್ನೊಂದಿಲ್ಲ. ಆದರೂ ಅದು ಕೈಗೆ ಬಂದದ್ದು ಅಪರೂಪ. ಕಾರಣ ಕಾಯ್ದೆಯ ಒಳಗೇ ಇತ್ತು. ಕೂಲಿ ಕೊಡುತ್ತಿದ್ದದ್ದು ಕೇಂದ್ರ, ಭತ್ಯೆ ಕೊಡಬೇಕಿದ್ದದ್ದು ರಾಜ್ಯ. ರಾಜ್ಯದ ಬೊಕ್ಕಸದಿಂದ ಹಣ ಹೋಗಬಾರದೆಂದರೆ 15 ದಿನದ ಎಣಿಕೆ ಶುರುವಾಗಬಾರದು. ಎಣಿಕೆ ಶುರುವಾಗುವುದು ದಿನಾಂಕ ಹಾಕಿದ ಸ್ವೀಕೃತಿಯಿಂದ. ಹಾಗಾಗಿ ಸ್ವೀಕೃತಿಯೇ ಸಿಗುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಕೆಲಸ ಕೇಳುವ ಅರ್ಜಿಯನ್ನು ಜನ 'ನಮೂನೆ ಆರು' ಎಂದೇ ಕರೆಯುತ್ತಾರೆ. ಪಂಚಾಯಿತಿ ಮುಂದೆ ಹತ್ತಿಪ್ಪತ್ತು ಹೆಂಗಸರು ನಮೂನೆ ಆರು ಹಿಡಿದು ನಿಂತರೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: 'ಇಟ್ಟುಹೋಗ್ರಿ, ಕೆಲಸ ಬಂದಾಗ ಹೇಳ್ತೀವಿ.' ಇಟ್ಟುಹೋದ ಅರ್ಜಿಯ ಬೇಡಿಕೆ ಕಂಪ್ಯೂಟರಿಗೆ ಏರುವುದು ಕೆಲಸ ಶುರುವಾಗುವ ದಿನ. ಆನ್‌ಲೈನ್ ದಾಖಲೆಯಲ್ಲಿ ಬೇಡಿಕೆಯ ದಿನವೂ ಕೆಲಸದ ದಿನವೂ ಅಕ್ಕಪಕ್ಕ ಕೂತಿರುತ್ತವೆ, ವಿಳಂಬ ಎಂಬುದೇ ಕಾಣುವುದಿಲ್ಲ. ಉತ್ತರ ಕರ್ನಾಟಕದ ಕೂಲಿಕಾರರ ಸಂಘಟನೆ ಗ್ರಾಕೂಸ್ ಸದಸ್ಯರಿಗೆ ಕಲಿಸಿದ ಮೊದಲ ಪಾಠ ಇಲ್ಲಿಂದಲೇ: ಅರ್ಜಿಯ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಬೀಳುವವರೆಗೆ ಜಾಗ ಬಿಡಬೇಡಿ. ಮಧ್ಯಪ್ರದೇಶದ ಬಡವಾನಿ ಜಿಲ್ಲೆಯ ಪಾಟಿಯಲ್ಲಿ 2006ರಲ್ಲೇ ಸಾವಿರಕ್ಕೂ ಹೆಚ್ಚು ಆದಿವಾಸಿ ಕೂಲಿಕಾರರು ನಿರುದ್ಯೋಗ ಭತ್ಯೆ ಪಡೆದರು. ಅವರನ್ನು ಗೆಲ್ಲಿಸಿದ್ದು ಜಾಗೃತ ಆದಿವಾಸಿ ದಲಿತ ಸಂಘಟನೆಯ ಹಟ ಮತ್ತು ದಿನಾಂಕವಿದ್ದ ಕಾಗದ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ತಂದಿದೆ. ಕಾಯ್ದೆ ಯಾವುದೇ ಇರಲಿ, ಸ್ವೀಕೃತಿ ಇಲ್ಲದ ಅರ್ಜಿಗೆ ಆಯುಸ್ಸು ಇಲ್ಲ.

ರಾಜ್ಯದ ಯುವನಿಧಿಗೂ ಇದೇ ಗಂಟು, ಬೇರೆ ಕೈಯಲ್ಲಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ, ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ. ಅರ್ಜಿ ಸೇವಾಸಿಂಧುವಿನಲ್ಲಿ, ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು. ಪದವಿಯ ಪರಿಶೀಲನೆ ರಾಷ್ಟ್ರೀಯ ಶೈಕ್ಷಣಿಕ ಭಂಡಾರದ ಮೂಲಕ. ಅಂದರೆ ವಿಶ್ವವಿದ್ಯಾಲಯ ಪ್ರಮಾಣಪತ್ರವನ್ನು ಅಲ್ಲಿಗೆ ಏರಿಸಿರಬೇಕು. ಏರಿಸದಿದ್ದರೆ ಹುಡುಗಿ ಪಾಸಾಗಿದ್ದರೂ ಪಾಸಾಗಿಲ್ಲ. ಗ್ರಾಮ ಒನ್‌ನವರು ವಿಶ್ವವಿದ್ಯಾಲಯವನ್ನು ಕೇಳಿ ಎನ್ನುತ್ತಾರೆ, ವಿಶ್ವವಿದ್ಯಾಲಯದವರು ಕಾಲೇಜನ್ನು, ಕಾಲೇಜಿನವರು ಪೋರ್ಟಲ್ಲನ್ನು. ಇದರ ಮೇಲೆ, ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆ. ಮೊದಮೊದಲು ಅದನ್ನು ಪ್ರತಿ ತಿಂಗಳು 25ರೊಳಗೆ ಕೊಡಬೇಕಿತ್ತು, ತಪ್ಪಿದರೆ ಹಣ ನಿಲ್ಲುತ್ತಿತ್ತು. ಗಡುವು ಅರ್ಜಿದಾರರಿಗೆ ಉಂಟು, ವಿಶ್ವವಿದ್ಯಾಲಯಕ್ಕೆ ಇಲ್ಲ. ನನಗೆ ಇದು ಸಹಿಸಲಾಗದ ಅಸಮಾನತೆ ಅನ್ನಿಸುತ್ತದೆ.

ಡೆಲಿವರಿ ಹುಡುಗರ ಪಾಡು ಬೇರೆ. ಅವರ ಭಾಷೆಯಲ್ಲಿ ಕೆಲಸ ಹೋಗುವುದೆಂದರೆ 'ಐಡಿ ಬ್ಲಾಕ್ ಆಗುವುದು'. ನೋಟಿಸ್ ಇಲ್ಲ, ಮಾತಾಡಲು ಮನುಷ್ಯರಿಲ್ಲ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ 14 ದಿನ ಮುಂಚೆ, ಲಿಖಿತ ಕಾರಣದೊಂದಿಗೆ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು ಎನ್ನುತ್ತದೆ. ನಿರುದ್ಯೋಗ ಭತ್ಯೆಯ ಮಾತು ಇನ್ನೂ ದೂರ, ಆದರೆ ಲಿಖಿತ ಕಾರಣ ಎಂಬ ಎರಡು ಪದಗಳಿಂದಲೇ ಮುಂದಿನ ಹಕ್ಕು ಹುಟ್ಟಬೇಕು.

ಹೊರದೇಶಗಳಲ್ಲಿ ಎಲ್ಲ ಸುಸೂತ್ರ ಎಂದು ಭಾವಿಸಬೇಕಿಲ್ಲ. ಅಮೆರಿಕದಲ್ಲಿ 1935ರ ಕಾಯ್ದೆಯಿಂದ ನಿರುದ್ಯೋಗ ವಿಮೆ ಇದೆ, ನಡೆಸುವುದು ಆಯಾ ರಾಜ್ಯಗಳು. ಅಲ್ಲಿ ಹೆಚ್ಚು ಜನರನ್ನು ತೆಗೆದ ಕಂಪನಿಯ ತೆರಿಗೆ ಏರುತ್ತದೆ, ಹಾಗಾಗಿ ಕಂಪನಿಗಳು ಭತ್ಯೆಯನ್ನು ವಿರೋಧಿಸಿ ಮೇಲ್ಮನವಿ ಹಾಕುತ್ತವೆ. ಮಿಷಿಗನ್ ರಾಜ್ಯ 2013ರಿಂದ 2015ರವರೆಗೆ ಮೈಡಾಸ್ ಎಂಬ ಗಣಕ ವ್ಯವಸ್ಥೆಗೆ ವಂಚನೆ ಪತ್ತೆ ಮಾಡುವ ಕೆಲಸ ಒಪ್ಪಿಸಿತು. ಅದು ಸುಮಾರು 40,000 ಜನರನ್ನು ವಂಚಕರೆಂದು ಗುರುತಿಸಿತು. ಪ್ರಶ್ನಾವಳಿಗಳು ಹೋಗುತ್ತಿದ್ದದ್ದು ಜನ ನೋಡುವುದನ್ನೇ ಬಿಟ್ಟಿದ್ದ ಆನ್‌ಲೈನ್ ಖಾತೆಗಳಿಗೆ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ತಪ್ಪಿತಸ್ಥರು, ನಾಲ್ಕು ಪಟ್ಟು ದಂಡ. ಯಂತ್ರವೊಂದೇ ತೀರ್ಮಾನಿಸಿದ 22,000ಕ್ಕೂ ಹೆಚ್ಚು ಪ್ರಕರಣಗಳನ್ನು ರಾಜ್ಯವೇ ಮರುಪರಿಶೀಲಿಸಿದಾಗ ನೂರಕ್ಕೆ 93ರಲ್ಲಿ ವಂಚನೆಯೇ ಇರಲಿಲ್ಲ. ಆಸ್ಟ್ರೇಲಿಯಾದ ರೋಬೋಡೆಟ್ ಕೂಡ ಇಂಥದೇ: ವರ್ಷದ ಆದಾಯವನ್ನು ಸರಾಸರಿ ಮಾಡಿ, ನೀವು ಹೆಚ್ಚು ಪಡೆದಿದ್ದೀರಿ ಎಂದು ಬಡವರಿಗೆ ಸಾಲದ ನೋಟಿಸ್ ಕಳಿಸಿದರು. ಅದು ತಪ್ಪೆಂದು ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಟ್ಟಿತು. ನಾಗರಿಕರ ಮೌನಕ್ಕೆ ಶಿಕ್ಷೆ, ಕಚೇರಿಯ ಮೌನಕ್ಕೆ ರಿಯಾಯಿತಿ ಎಂಬುದು ಗಡಿ ಕಾಣದ ಕಾಯಿಲೆ.

ಆದರೆ ಅಮೆರಿಕದ ಒಂದು ತೀರ್ಪನ್ನು ನಮ್ಮವರು ಓದಬೇಕು. 1971ರ ಜಾವಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅರ್ಜಿದಾರರು ಅರ್ಹರೆಂದು ಇಲಾಖೆ ಒಮ್ಮೆ ತೀರ್ಮಾನಿಸಿದ ಮೇಲೆ ಮಾಲೀಕರು ಮೇಲ್ಮನವಿ ಹಾಕಿದರೆಂಬ ಕಾರಣಕ್ಕೆ ಭತ್ಯೆ ನಿಲ್ಲಿಸುವಂತಿಲ್ಲ ಎಂದಿತು. ಕೆಲಸ ಹೋದ ಹೊತ್ತಿನಲ್ಲಿ ಸಿಗದ ನಿರುದ್ಯೋಗ ಭತ್ಯೆಯಿಂದ ಕಾನೂನಿನ ಉದ್ದೇಶವೇ ಈಡೇರುವುದಿಲ್ಲ ಎಂಬುದು ಅದರ ತಿರುಳು. ಮೊದಲು ಹಣ, ಆಮೇಲೆ ವಾದ. ನಮ್ಮಲ್ಲಿ ಕ್ರಮ ತಿರುಗುಮುರುಗಾಗಿದೆ.

ಹಾಗಾದರೆ ಉತ್ತರ ಕೊಡದ ಕಚೇರಿಯಿಂದ ಉತ್ತರ ತರಿಸುವುದು ಹೇಗೆ? ಅನುಭವ ಹೇಳುವುದು ಒಂದೇ: ಮೌನಕ್ಕೆ ಬೆಲೆ ಕಟ್ಟಿರುವ ಕಡೆ ಉತ್ತರ ಬರುತ್ತದೆ. 2012ರ ಏಪ್ರಿಲ್ 2ರಂದು ರಾಜ್ಯದೆಲ್ಲೆಡೆ ಜಾರಿಯಾದ ಸಕಾಲದಲ್ಲಿ ಪ್ರತಿ ಅರ್ಜಿಗೆ ಒಂದು ಸಂಖ್ಯೆ, ಒಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅಧಿಕಾರಿಯ ಸಂಬಳದಿಂದ. ಮೊತ್ತ ಚಿಕ್ಕದು, ಆದರೆ ಅದು ಒಬ್ಬ ವ್ಯಕ್ತಿಯ ಹೆಸರಿಗೆ ಬೀಳುತ್ತದೆ. ಇಎಸ್‌ಐ, ಪಿಎಫ್ ಕೇಂದ್ರದ ಸಂಸ್ಥೆಗಳಾದ್ದರಿಂದ ಸಕಾಲ ಅವನ್ನು ಮುಟ್ಟುವುದಿಲ್ಲ. ಅಲ್ಲಿಗೆ ಕೇಂದ್ರದ ಕುಂದುಕೊರತೆ ಪೋರ್ಟಲ್ ಇದೆ, 2024ರಿಂದ ಅದರ ಗಡುವು 21 ದಿನ. ದೂರು ಬೇಗ ಮುಚ್ಚುತ್ತದೆ ನಿಜ, ಸಮಸ್ಯೆ ಮುಗಿಯಿತೋ ಇಲ್ಲವೋ ಬೇರೆ ಮಾತು. 'ಸಂಬಂಧಪಟ್ಟವರಿಗೆ ಕಳಿಸಲಾಗಿದೆ' ಎಂದು ಷರಾ ಬರೆದು ಮುಚ್ಚಿದ್ದನ್ನು ಒಪ್ಪಿಕೊಳ್ಳಬೇಕಿಲ್ಲ. ಅಲ್ಲಿಯೇ ಮೇಲ್ಮನವಿಗೆ ಅವಕಾಶ ಇದೆ, ಬಹಳ ಜನ ಅದನ್ನು ಬಳಸದೆ ಬಿಡುತ್ತಾರೆ. ರಾಜ್ಯದ ಕಚೇರಿಗಳ ವಿರುದ್ಧವಾದರೆ ಜನಸ್ಪಂದನದ 1902.

ಎಲ್ಲಕ್ಕಿಂತ ಹರಿತವಾದದ್ದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು, ತಪ್ಪಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000ದವರೆಗೆ ವೈಯಕ್ತಿಕ ದಂಡ. 'ನನಗೆ ಏಕೆ ಭತ್ಯೆ ಕೊಟ್ಟಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ಕೇಳಬೇಕಾದ ರೀತಿ ಬೇರೆ: ಇಂಥ ದಿನಾಂಕದ ನನ್ನ ಅರ್ಜಿಯ ಕಡತ ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು, ಪ್ರತಿಯೊಬ್ಬರ ಬಳಿ ಎಷ್ಟು ದಿನ ಇತ್ತು, ಮಾಲೀಕರಿಗೆ ಬರೆದ ಪತ್ರದ ಮತ್ತು ಅವರ ಉತ್ತರದ ಪ್ರತಿ ಕೊಡಿ, ನನ್ನ ವಿಮಾ ಸಂಖ್ಯೆಯ ಮುಂದೆ ನಮೂದಿಸಿದ ಕಾರಣ ಸಂಖ್ಯೆ ಯಾವುದು, ಅದನ್ನು ಏರಿಸಿದ ದಿನ ಯಾವುದು. ಈ ಪ್ರಶ್ನೆಗಳಿಗೆ ಉತ್ತರ ತಯಾರಿಸಲು ಕೂತಾಗ ವಿಷಯ ನಿರ್ವಾಹಕರು ಕಡತವನ್ನು ಮೊದಲ ಸಲ ಪೂರ್ತಿ ಓದುವುದೂ ಉಂಟು. ಎಷ್ಟೋ ಅರ್ಜಿಗಳು ಮಂಜೂರಾಗುವುದು ಆ ಓದಿನಲ್ಲಿ.

ಟಪಾಲು ಶಾಖೆಯಲ್ಲಿ ಇನ್‌ವರ್ಡ್ ನಂಬರ್ ಕೊಡಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಲವಂತದ ರಾಜೀನಾಮೆಗೆ ಸಹಿ ಹಾಕಿದ್ದರೆ ಮರುದಿನವೇ, ಒತ್ತಾಯದಿಂದ ಬರೆದದ್ದು ಎಂದು ಆಡಳಿತಕ್ಕೂ ಕಾರ್ಮಿಕ ಅಧಿಕಾರಿಗೂ ಪತ್ರ ಹೋಗಬೇಕು. ತಡವಾದಷ್ಟೂ ಆ ಪತ್ರದ ತೂಕ ಇಳಿಯುತ್ತದೆ. ಹಾಜರಿ ಕಾರ್ಡು, ಸಂಬಳದ ಚೀಟಿ, ಮೇಲ್ವಿಚಾರಕರ ವಾಟ್ಸ್‌ಆ್ಯಪ್ ಸಂದೇಶ, ಗೇಟಿನಲ್ಲಿ ತಡೆದ ದಿನದ ಫೋಟೊ, ಎಲ್ಲವೂ ಕಾರಣ ಸಂಖ್ಯೆಯನ್ನು ಪ್ರಶ್ನಿಸುವ ಸಾಕ್ಷಿ. ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವಾಗ ಒಬ್ಬರೇ ಹೋಗದೆ ಜೊತೆಗೆ ಕೆಲಸ ಕಳೆದುಕೊಂಡ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಒಂದೇ ಕಂಪನಿಯ ನಾಲ್ಕು ಅರ್ಜಿ ಒಟ್ಟಿಗೆ ಬಂದಾಗ ಅಧಿಕಾರಿಗೆ ಅದು ಒಬ್ಬರ ದೂರಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಭಾರವನ್ನು ಮತ್ತೆ ಕೆಲಸ ಕಳೆದುಕೊಂಡವರ ಮೇಲೇ ಹೊರಿಸಿದಂತಾಯಿತು. ಆಗಬೇಕಾದದ್ದು ನಿಯಮದಲ್ಲಿ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಇಎಸ್‌ಐ ಅಧ್ಯಾಯದಲ್ಲೂ ಹಳೆಯ ಆರು ಸೌಲಭ್ಯಗಳೇ ಇವೆ, ನಿರುದ್ಯೋಗ ಸೇರಲಿಲ್ಲ. ಅಟಲ್ ಯೋಜನೆಯನ್ನು ಆಗಾಗ ವಿಸ್ತರಿಸುತ್ತಾ ಬರಲಾಗಿದೆ. ವಿಸ್ತರಣೆಯ ಆದೇಶ ತಡವಾದರೆ ಆ ನಡುವೆ ಅರ್ಜಿ ಹಾಕಿದವರು ಯಾರನ್ನು ಕೇಳಬೇಕು? ಭತ್ಯೆ ಸಂಹಿತೆಯ ಪಟ್ಟಿಗೆ ಸೇರಬೇಕು, ಏಳನೆಯದಾಗಿ. ಕಾರಣ ಸಂಖ್ಯೆ ಏರಿಸಿದ ದಿನವೇ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಬೇಕು, ಅದನ್ನು ಒಪ್ಪದಿದ್ದರೆ ಪೋರ್ಟಲ್‌ನಲ್ಲೇ ಆಕ್ಷೇಪ ಹಾಕುವ ಅವಕಾಶ ಇರಬೇಕು. ಶಾಖಾ ಕಚೇರಿ ಮಾಲೀಕರಿಗೆ ಬರೆದ ಪತ್ರಕ್ಕೆ 15 ದಿನದಲ್ಲಿ ದಾಖಲೆ ಸಮೇತ ಉತ್ತರ ಬಾರದಿದ್ದರೆ ಕಾರ್ಮಿಕರ ಹೇಳಿಕೆಯನ್ನೇ ಒಪ್ಪಿ ಹಣ ಬಿಡುಗಡೆ ಮಾಡಬೇಕು. ಆಮೇಲೆ ಮಾಲೀಕರ ವಾದ ಸರಿ ಎಂದು ತೀರ್ಮಾನವಾದರೆ ವಸೂಲಿಗೆ ದಾರಿಗಳಿವೆ, ವಂತಿಗೆ ಬಾಕಿ ವಸೂಲು ಮಾಡಿ ನಿಗಮಕ್ಕೆ ಆ ಕೆಲಸ ಗೊತ್ತಿದೆ.